ಚಂದ್ರನ ಮೇಲಿನ ಕಕ್ಕಸು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವಳು ಆಸ್ಪತ್ರೆಯ ಕಕ್ಕಸು ತೊಳೆಯುವ ಹೆಂಗಸು. ಕೈಯಿನ್ನೂ ಫಿನಾಯಿಲ್ ನಾರುತ್ತಿತ್ತು. ಅವಳ ಆಚೆ ಬದಿಗೆ ಕೂತಿದ್ದ ಮೈದುನ ಬರೆದ ಚಂದ್ರಲೋಕದ ಕಾದಂಬರಿಯ ಹಾಳೆಗಳನ್ನು ಮೂಗು ಮುರಿಯುತ್ತ ತಿರುವುತ್ತಿದ್ದಳು.

“ಚಂದ್ರನ ಮೇಲೆ ಹತ್ತು ಸಾವಿರ ಜನ ಇದ್ದಾರೆ ಅಂತೀಯ, ಒಬ್ಬರಿಗಾದ್ರೂ ಹೊಟ್ಟೆ ಕೆಡಲ್ವೇನೋ?”

“ಕಕ್ಕಸೆಲ್ಲ ಯಂತ್ರವೇ ತೊಳೆಯುತ್ತೆ ಅತ್ತಿಗೆ.”

“ಪೈಪಿಗೆ ಕೂದಲು ಸಿಕ್ಕಿ ಯಂತ್ರ ನಿಂತ್ರೆ? ಕೈ ಹಾಕೋರು ಯಾರು?”

“ಅದಕ್ಕೆ ನೆಲಮಾಳಿಗೇಲಿ ಜನ ಇದ್ದಾರೆ.”

“ಅವರ ಹೆಸರೇನು?”

“ಹೆಸರಿಟ್ಟಿಲ್ಲ.”

“ನಾಯಕನ ನಾಯಿಗೂ ಹೆಸರಿಟ್ಟಿದ್ದೀಯ!”

“ಅವರು ಕಥೆಗೆ ಬರಲ್ಲ ಅತ್ತಿಗೆ…”

“ಥೂ! ಈ ಕೈಯಿಂದಲೇ ತುತ್ತು ತಿಂದು ಬೆಳೆದೆ ನೀನು. ಚಂದ್ರನ ತನಕ ಹೋಗಿಯೂ ನನ್ನನ್ನ ನೆಲಮಾಳಿಗೆಗೇ ಹಾಕಿದ್ದೀಯಲ್ಲೋ!”

ಹಾಳೆಗಳನ್ನು ಅವನ ಮಡಿಲಿಗೆಸೆದು ಬಸ್ಸು ಹತ್ತಿದಳು. ಅವನು ಹತ್ತಲಿಲ್ಲ.