ಡಾಮಿನೇಟಿಂಗ್ ಹುಡುಗಿ

ಮೂವತ್ತು ದಾಟಿದ ಮಗ ಅನಿಕೇತನ ಜೊತೆ ವಿಜಯನಗರದ ಬಸ್ ಸ್ಟಾಪಿನಲ್ಲಿ ನಿಂತಿದ್ದ ಪುಟ್ಟಲಕ್ಷ್ಮಿಯ ಕಿವಿಯೆಲ್ಲ ಪಕ್ಕದಲ್ಲಿ ಮಾತಾಡುತ್ತಿದ್ದ ತಾಯಿ ಮಗಳ ಕಡೆಗೇ ಇತ್ತು.

“ಮೊನ್ನೆ ನಿನ್ನ ನೋಡೋಕೆ ಬಂದಿದ್ರಲ್ಲ, ಬೇಡ ಅಂದ್ರಂತೆ ಕಣೇ. ಹುಡುಗಿ ಡಾಮಿನೇಟಿಂಗ್ ಅಂತೆ.”

“ನಾನಾ? ನಾನೇನಮ್ಮ ಮಾಡ್ದೆ?”

“ಡಾಮಿನೇಟಿಂಗ್ ಅಂದ್ರೆ ಏನು, ಅದನ್ನ ಹೇಳು ಮೊದ್ಲು.”

“ಎಲ್ಲರ ಹತ್ರಾನೂ ತನ್ನ ಮಾತೇ ನಡೀಬೇಕು ಅನ್ನೋಳು.”

“ಅಂಥದ್ದೇನು ನಡೆಸ್ದೆ ನೀನು? ನಾನು ಅಡುಗೆಮನೇಲಿದ್ದೆ. ಕಾಫಿ ತಾನೇ ಕೊಟ್ಟಿದ್ದು?”

“ಆ ಕಾಫಿನೇ! ಯಾವ ಕೆಲಸ ಅಂತ ಹುಡುಗನ್ನ ಕೇಳಿದ್ರೂ ಅವರಮ್ಮನೇ ಹೇಳಿದ್ರು, ಏನು ಓದಿದೀರ ಅಂದ್ರೂ ಅವರೇ. ಕಾಫಿ ತಂದ್ರೆ, ಅವನು ಮುಟ್ಟಲ್ಲ ಅಂದ್ರು. ರೇಗಿಹೋಯ್ತು. ನಿಮಗೆ ಬೇಕಾ ಅಂತ ಅವನನ್ನೇ ಕೇಳಿದೆ.”

“ಏನಂದ?”

“ಕೊಡಿ ಅಂದ. ಕುಡಿದು ಇನ್ನೊಂದು ಲೋಟ ಕೇಳಿದ.”

“ಅಷ್ಟಕ್ಕೇ ನೀನು ಡಾಮಿನೇಟಿಂಗಾ? ಹಂಗಾದ್ರೆ ಆ ಯಮ್ಮನಿಗೆ ಏನಂತಾರಂತೆ?”

“ಅವರಿಗಾ? ಮಗನ ಮೇಲೆ ಪ್ರಾಣಾನೇ ಇಟ್ಕೊಂಡಿರೋ ತಾಯಿ ಅಂತಾರೆ!”

ಪುಟ್ಟಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಎಂಥ ಹೆಂಗಸಪ್ಪ, ಬೆಳೆದ ಮಗನ ಬಾಯಿಗೆ ಬೀಗ ಹಾಕಿಟ್ಟಿದಾಳಲ್ಲ ಎಂದು ಹಲ್ಲು ಕಡಿದಳು.

ಅಷ್ಟರಲ್ಲಿ ಬಸ್ಸು ಬಂತು. ಹುಡುಗಿ ಅನಿಕೇತನ ಕಡೆ ತಿರುಗಿ, “ಸಾರ್, ಇದು ಕೆಂಗೇರಿಗೆ ಹೋಗತ್ತಾ?” ಎಂದಳು.

ಅನಿಕೇತ ಬಾಯಿ ತೆರೆದ.

“ಅವನನ್ನೇನು ಕೇಳ್ತೀಯಮ್ಮ, ಅವನಿಗೇನು ಗೊತ್ತು? ಹೋಗತ್ತೆ, ಹತ್ತು” ಎಂದಳು ಪುಟ್ಟಲಕ್ಷ್ಮಿ.

ತಾಯಿ ಮಗಳು ಅವಳ ಮುಖವನ್ನೊಮ್ಮೆ, ಅನಿಕೇತನ ಮುಖವನ್ನೊಮ್ಮೆ ನೋಡಿ, ಬಸ್ಸು ಹತ್ತಿದರು.