ಟವೆಲಿನ ಕೆಳಗಿನ ಕೈ

ಗುಟ್ಟು ಎಂಬ ಮಾತನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ, ನೋಡಿ. ಅಜ್ಜಿಯ ಉಪ್ಪಿನಕಾಯಿ ವರ್ಷವಾದರೂ ಕೆಡುವುದಿಲ್ಲ, ಅದರದೊಂದು ಗುಟ್ಟು. ಸೊಸೆ ಬಸುರಾದರೆ ಮೂರು ತಿಂಗಳು ತುಂಬುವವರೆಗೆ ಗುಟ್ಟು. ಇಲ್ಲದವರ ಮನೆಗೆ ಜೋಳ ಕಳಿಸಿದವನು ಬಾಯಿ ಬಿಡುವುದಿಲ್ಲ, ಅದೂ ಗುಟ್ಟೇ. ಪಕ್ಕದವರ ಮಾನ ಕಳೆಯಲು ಕಿವಿಯ ಹತ್ತಿರ ಬಾಯಿ ತರುತ್ತೇವಲ್ಲ, ಅದಕ್ಕೂ ಅದೇ ಹೆಸರು. ಹೆಸರು ಒಂದೇ ಆದರೆ ಗುಣವೂ ಒಂದೇ ಆಯಿತೇ?

ಒಂದೂರು, ಅಲ್ಲೊಬ್ಬ ಸಾಹುಕಾರ. ದನದ ವ್ಯಾಪಾರದಿಂದ ಮೇಲೆ ಬಂದವನು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ನೀವು ನೋಡಿದ್ದೀರಿ. ಕೈ ಮೇಲೆ ಟವೆಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಇಷ್ಟು ಬೆರಳಿಗೆ ಇಷ್ಟು ಬೆಲೆ ಎಂದು ತಿಳಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಸಂತೆಗೆ ಅದು ಸರಿ. ಈತ ಆ ಟವೆಲನ್ನು ಮನೆಯೊಳಗೂ ತಂದ.

ಇಬ್ಬರು ಗಂಡುಮಕ್ಕಳು. ಇವರು ಒಂದಾದರೆ ನನ್ನನ್ನು ಮೂಲೆಗೆ ಕೂರಿಸುತ್ತಾರೆ ಎಂಬ ಅನುಮಾನ ಅವನಿಗೆ. ಹಿರಿಯನನ್ನು ಕೊಟ್ಟಿಗೆಗೆ ಕರೆದು, "ನಿನ್ನ ತಮ್ಮನ ಮ್ಯಾಲೆ ಒಂದು ಕಣ್ಣಿಡು. ನಿನ್ನೊಬ್ಬನ್ನ ನಂಬೀನಿ, ಗುಟ್ಟಿರಲಿ" ಎಂದ. ಕಿರಿಯನನ್ನು ಹೊಲದ ಬದುವಿಗೆ ಕರೆದು ಅಣ್ಣನ ಬಗ್ಗೆ ಅದನ್ನೇ ಹೇಳಿದ. ಆಮೇಲೆ ಏನಾಯಿತು? ಅಣ್ಣ ಕೆಮ್ಮಿದರೆ ತಮ್ಮ ಅರ್ಥ ಹುಡುಕಿದ. ತಮ್ಮ ನಕ್ಕರೆ ಅಣ್ಣ ಬಾಗಿಲಿಗೆ ಕಿವಿಗೊಟ್ಟ. ವರ್ಷ ತುಂಬುವುದರೊಳಗೆ ಕಿರಿಯವನು ಬೇರೆ ಒಲೆ ಹೂಡಲು ಹಿತ್ತಲಲ್ಲಿ ಮಣ್ಣು ಕಲಸಿದ.

ಸಂತೆಯಿಂದ ಬಂದ ಸಾಹುಕಾರ ಆ ಮಣ್ಣು ಕಂಡ. ಕಿರಿಯನ ತಲೆ ಕೆಡಿಸಿದವಳು ನೀನೇ ಎಂದು ಹೆಂಡತಿಯ ಮೇಲೆ ಹರಿಹಾಯ್ದ. ನೋಡಿ, ಅಲ್ಲೂ ಅನುಮಾನ. ಆಕೆ ಮಕ್ಕಳಿಬ್ಬರನ್ನೂ ಪಡಸಾಲೆಗೆ ಕರೆದಳು. ಗಂಡನ ಹೆಗಲ ಟವೆಲ್ ತೆಗೆದು ಅವನ ಕೈ ಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗಿಟ್ಟಳು.

"ಬಾಯಿಲೆ ಹೇಳೂ ರೂಢಿ ನಿಮಗಿಲ್ಲ. ಬೆರಳು ಹಿಡದು ಹೇಳ್ರಿ. ಈ ಮನಿಗೆ ಒಂದು ಒಲಿ ಬೇಕೋ, ಎರಡೋ?"

ಸಾಹುಕಾರ ಅವಳ ಒಂದೇ ಬೆರಳು ಹಿಡಿದ.

"ಹಂಗಾರ ಟವೆಲ್ ತಗೀರಿ" ಎಂದಳು. "ನೀವು ಹಿಡದದ್ದು ಮಕ್ಕಳೂ ನೋಡ್ಲಿ."

ಟವೆಲ್ ತೆಗೆದ ಮೇಲೆ, ಒಂದೇ ಒಲೆ ಸಾಕಾದರೆ ಅಣ್ಣನ ಮೇಲೆ ಕಣ್ಣಿಡು ಎಂದದ್ದೇಕೆ ಎಂದು ಕಿರಿಯವನು ಕೇಳಿದ; ಕೊಟ್ಟಿಗೆಯ ಮಾತು, ಬದುವಿನ ಮಾತು ಎರಡನ್ನೂ ಸಾಹುಕಾರ ಇಬ್ಬರ ಎದುರೇ ಹೇಳಬೇಕಾಯಿತು. ಕಲಸಿಟ್ಟ ಮಣ್ಣಿನಿಂದ ಆ ಸಂಜೆ ಅಣ್ಣತಮ್ಮಂದಿರು ಹಳೆಯ ಒಲೆಯ ಬಿರುಕು ಮೆತ್ತಿದರು.

ತಾಯಂದಿರೇ, ಅಣ್ಣಂದಿರೇ, ನಮ್ಮ ಹೆಗಲ ಮೇಲೂ ಒಂದು ಟವೆಲ್ ಇದೆ. ಸೆರಗೂ ಆದೀತು. "ನಿನಗೊಬ್ಬನಿಗೇ ಹೇಳುತ್ತೇನೆ" ಎಂದು ನಾಲಿಗೆ ಹೊರಟಾಗ ಒಂದು ಉಸಿರು ತಡೆಯಿರಿ. ಯಾರ ಬಗ್ಗೆ ಮಾತೋ ಅವರು ಎದುರು ಕೂತಿದ್ದರೆ ಇದನ್ನು ಹೇಳುತ್ತಿದ್ದೆನೇ? ಇಲ್ಲವಾದರೆ ನುಂಗಿಬಿಡಿ. ಈಗಾಗಲೇ ಹೇಳಿ ಆಗಿದ್ದರೆ, ಇವತ್ತು ಊಟಕ್ಕೆ ಕೂರುವ ಮುಂಚೆ ಇಬ್ಬರನ್ನೂ ಎದುರು ಕೂರಿಸಿಕೊಂಡು ಬಿಚ್ಚಿ ಹೇಳಿ. ಇಲ್ಲದವರಿಗೆ ಕೊಟ್ಟದ್ದನ್ನು ಮುಚ್ಚಿಡಿ, ನಂಬಿ ಹೇಳಿಕೊಂಡವರ ನೋವನ್ನು ಮುಚ್ಚಿಡಿ. ಅನುಮಾನವನ್ನು ಮುಚ್ಚಿಡಬೇಡಿ. ದೇವರ ಮುಂದೆ ಕೈ ಮುಗಿಯುವಾಗ ಆ ಕೈಗಳ ಮೇಲೆ ಯಾರೂ ಬಟ್ಟೆ ಹೊದಿಸಿಕೊಳ್ಳುವುದಿಲ್ಲವಲ್ಲ.