ಹಳ್ಳ ಅಳೆದ ತಿಂಗಳು

ಅಧ್ಯಕ್ಷರಾದ ಧರೆಪ್ಪನವರೇ, ಒಲ್ಲೆ ಒಲ್ಲೆ ಎನ್ನುತ್ತಲೇ ಈ ಸನ್ಮಾನಕ್ಕೆ ಒಪ್ಪಿದ ನಮ್ಮ ಮುಂಬಯಿ ಕೌನ್ಸಿಲ್ ಸದಸ್ಯ ಶಾಂತಪ್ಪನವರೇ, ಸೊಲ್ಲಾಪುರದ ಹಾಗೂ ಸುತ್ತಲಿನ ಹಳ್ಳಿಗಳ ಸಭಿಕರೇ,

ನಾನು ಸರಕಾರದ ರಸ್ತೆ-ಸೇತುವೆ ಖಾತೆಯ ಓವರಸಿಯರ್. ಅಳೆಯುವುದು ನನ್ನ ಕಸುಬು, ಹೊಗಳುವುದಲ್ಲ. ಆದ್ದರಿಂದ ಶಾಂತಪ್ಪನವರು ಕೌನ್ಸಿಲಿನಲ್ಲಿ ಕೇಳಿದ ನೂರಾರು ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಅಳೆದು ತೋರಿಸುತ್ತೇನೆ.

೧೯೨೭ರಲ್ಲಿ ಬೋರಾಮಣಿ ಹಳ್ಳಿಯವರು ತಮ್ಮ ಹಳ್ಳಕ್ಕೆ ಸೇತುವೆ ಬೇಕೆಂದು ಅರ್ಜಿ ಕೊಟ್ಟರು. ಪರಿಶೀಲನೆಗೆ ಹೋದವನು ನಾನು. ಅದು ನನ್ನ ಮಾವನವರ ಊರು. ಮಾವಿನ ಹಣ್ಣಿನ ಸೀಕರಣೆ ಊಟಕ್ಕೆ ಕರೆ ಬಂದಿತ್ತು; ಒಂದೇ ಪ್ರಯಾಣದಲ್ಲಿ ಎರಡೂ ಕೆಲಸ ಮುಗಿಸಿದೆ. ಸೀಕರಣೆ ಎರಡು ಬಟ್ಟಲು, ಹಳ್ಳದಲ್ಲಿ ನೀರು ಸೊನ್ನೆ ಅಡಿ. ಎರಡೂ ಅಳತೆ ನಿಖರವಾಗಿದ್ದವು. ಸೇತುವೆ ಅನಗತ್ಯವೆಂದು ವರದಿ ಬರೆದೆ. ಅಳೆದದ್ದು ಯಾವ ತಿಂಗಳೆಂದು ಬರೆಯಲಿಲ್ಲ.

ಶ್ರಾವಣದಲ್ಲಿ ನಮ್ಮ ಮನೆಯವರು ಹೆರಿಗೆಗೆ ತವರಿನಲ್ಲಿದ್ದರು. ಸೂಲಗಿತ್ತಿ ಅಕ್ಕನಾಗಮ್ಮನನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೊರಟೆ. ಹಳ್ಳ ದಂಡೆ ಮೀರಿ ಹರಿಯುತ್ತಿತ್ತು. ಒಂದೂವರೆ ದಿನ ಈಚೆ ದಂಡೆಯಲ್ಲೇ ನಿಂತೆವು. ಆಚೆ ಏನಾಗಿದೆ ಎಂದು ಕೇಳಲು ಒಬ್ಬರೂ ಇಲ್ಲ. ಅಕ್ಕನಾಗಮ್ಮ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು:

"ಓರಸೇರ ಸಾಹೇಬ್ರ, ಟೇಪು ತಂದೀರೇನ್ರಿ? ಈಗ ಅಳೀರಲ್ಲ."

ಮಗು ಅಜ್ಜಿಯ ಕೈಯಲ್ಲಿ ಸುಖವಾಗಿ ಹುಟ್ಟಿತ್ತು. ಅದು ನಮಗೆ ತಿಳಿದದ್ದು ಮರುದಿನ ಮಧ್ಯಾಹ್ನ. ವರದಿಯನ್ನು ಆಗಲೇ ತಿದ್ದಬಹುದಿತ್ತಲ್ಲವೇ ಎಂದು ನೀವು ಕೇಳಬಹುದು. ತಿದ್ದಬಹುದಿತ್ತು. ತಿದ್ದಲಿಲ್ಲ.

ಮರುವರ್ಷ ಪುಣೆಯ ಅಧಿವೇಶನಕ್ಕೆ ಶಾಂತಪ್ಪನವರು ಪ್ರಶ್ನೆ ಕಳುಹಿಸಿದರು: ಬೋರಾಮಣಿಯ ಹಳ್ಳವನ್ನು ಯಾವ ತಿಂಗಳಲ್ಲಿ ಅಳೆಯಲಾಯಿತು? ಸರಕಾರದ ಉತ್ತರವನ್ನು ಬರೆಯುವವರು ಯಾರೆಂದು ತಿಳಿದಿದ್ದೀರಿ? ಪ್ರಶ್ನೆ ಒಂದೊಂದೇ ಮೇಜು ಇಳಿದು ನನ್ನ ಮೇಜಿಗೇ ಬಂತು. ತಿಂಗಳು ಬಿಟ್ಟು ಬರೆಯುವುದು ಲೇಸೆಂದು ಮೇಲಿನವರು ಸೂಚಿಸಿದರು. ನಾನು ಹಳ್ಳದ ದಂಡೆಯನ್ನು ನೆನೆದು, "ಮೇ" ಎಂದು ಬರೆದೆ. ಕೌನ್ಸಿಲು ನಕ್ಕಿತಂತೆ. ಸೇತುವೆ ಮಂಜೂರಾಯಿತು. ನನ್ನ ಬಡ್ತಿ ಎರಡು ವರ್ಷ ತಡವಾಯಿತು, ಸರಿಯಾಗಿಯೇ ಆಯಿತು.

ಆದರೆ ತಿಂಗಳನ್ನೇ ಕೇಳಬೇಕೆಂದು ಶಾಂತಪ್ಪನವರಿಗೆ ಹೇಗೆ ಹೊಳೆಯಿತು? ಒಮ್ಮೆ ವಿಚಾರಿಸಿದೆ. ತಮ್ಮ ಬಟ್ಟೆ ಅಂಗಡಿಗೆ ಕುಪ್ಪಸದ ಖಣ ಕೊಳ್ಳಲು ಬಂದ ಬೋರಾಮಣಿಯ ಮಗಳೊಬ್ಬಳು ಹೇಳಿದಳೆಂದರು:

"ಮತ್ತೇನೂ ಕೇಳಬ್ಯಾಡ್ರಿ ಅಣ್ಣಾರ. ಯಾವ ತಿಂಗಳಾಗ ಅಳದ್ರಿ ಅಂತ ಅಷ್ಟ ಕೇಳ್ರಿ."

ಯಾರು ಎಂದು ಅವರು ಹೇಳಲಿಲ್ಲ. ಮನೆಯಲ್ಲಿ ನಾನು ಕೇಳಲಿಲ್ಲ. ನಾಲ್ಕು ವರ್ಷಗಳಿಂದ ನಮ್ಮ ಮನೆಗೆ ಖಣ ಬರುವುದು ಶಾಂತಪ್ಪನವರ ಅಂಗಡಿಯಿಂದಲೇ, ಅಷ್ಟು ಮಾತ್ರ ನಾನು ಬಲ್ಲೆ.

ಇಂದು ಶಾಂತಪ್ಪನವರಿಗೆ ನಿಮ್ಮೆಲ್ಲರ ಪರವಾಗಿ ಕೃತಜ್ಞತೆ. ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ಕುಳಿತ ಒಬ್ಬರಿಗೆ ನನ್ನೊಬ್ಬನ ಕೃತಜ್ಞತೆ. ಅವರ ಹೆಸರನ್ನು ನಾನು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಮಸ್ಕಾರ.